ಹೆಪಟೈಟಿಸ್ ಬಿ ಮತ್ತು ಎಲುಬುಗಳ ಆರೋಗ್ಯ

ಕಾಯಕಕ್ಕೂ ದಾಸೋಹಕ್ಕೂ ಲಿಂಗಪೂಜೆಗೂ ದೇಹವೇ ಆಧಾರ. ಆ ದೇಹದ ಒಂದು ಅಂಗಕ್ಕೆ ಬಂದ ವ್ಯಾಧಿಯು ಅನೇಕ ವೇಳೆ ಮತ್ತೊಂದು ಅಂಗವನ್ನೂ ಬಾಧಿಸುತ್ತದೆ. ಹೆಪಟೈಟಿಸ್ ಬಿ ಯಕೃತ್ತಿನ ರೋಗವೆಂಬುದು ಹಲವರಿಗೆ ತಿಳಿದಿದೆ. ಅದು ಎಲುಬುಗಳನ್ನೂ ದುರ್ಬಲಗೊಳಿಸಬಹುದೆಂಬುದು ಅಷ್ಟಾಗಿ ತಿಳಿದಿಲ್ಲ. ಈ ಸಂಚಿಕೆಯಲ್ಲಿ ನಾವು ಆ ವಿಷಯವನ್ನು ವಿವೇಚಿಸೋಣ.

ಈ ವೈರಾಣು ರಕ್ತದಲ್ಲಿ 6 ತಿಂಗಳು ಮೀರಿ ಉಳಿದರೆ ಅದನ್ನು ದೀರ್ಘಕಾಲಿಕ ಸೋಂಕೆಂದು ಪರಿಗಣಿಸಲಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಜಗತ್ತಿನ 25.4 ಕೋಟಿ ಜನರಲ್ಲಿ ಈ ಸೋಂಕು ಇತ್ತು.

ಯಕೃತ್ತಿಗೂ ಎಲುಬಿಗೂ ಇರುವ ನಂಟು

ಬಿಸಿಲಿನಿಂದ ಚರ್ಮದಲ್ಲಿ ಉತ್ಪತ್ತಿಯಾದ ವಿಟಮಿನ್ ಡಿ ಮೊದಲು ಯಕೃತ್ತಿನಲ್ಲಿ, ಬಳಿಕ ಮೂತ್ರಪಿಂಡದಲ್ಲಿ ಪರಿವರ್ತನೆ ಹೊಂದಿ ಕಾರ್ಯಶೀಲವಾಗುತ್ತದೆ. ಕರುಳು ಆಹಾರದ ಕ್ಯಾಲ್ಸಿಯಂ ಅನ್ನು ಚೆನ್ನಾಗಿ ಹೀರಿಕೊಳ್ಳಲು ಇದು ಬೇಕೇ ಬೇಕು. ರೋಗವು ಸಿರೋಸಿಸ್ ಹಂತವನ್ನು ತಲುಪಿದಾಗ ಈ ವ್ಯವಸ್ಥೆ ಕುಂದುತ್ತದೆ, ಸ್ನಾಯುಗಳು ಕರಗುತ್ತವೆ, ಎಲುಬಿನ ಸಾಂದ್ರತೆ ಇಳಿಯುತ್ತದೆ. ಮುಟ್ಟು ನಿಂತ ಮಹಿಳೆಯರು ಹಾಗೂ ವೃದ್ಧರು ವಿಶೇಷ ಎಚ್ಚರ ವಹಿಸಬೇಕು.

ಔಷಧದ ಪಾತ್ರ

ವೈರಾಣುವನ್ನು ಹತ್ತಿಕ್ಕುವ ಮುಖ್ಯ ಔಷಧಗಳು ಟೆನೊಫೊವಿರ್ ಮತ್ತು ಎಂಟೆಕಾವಿರ್. ಟೆನೊಫೊವಿರ್‌ನಲ್ಲಿ ಎರಡು ರೂಪಗಳಿವೆ. 300 ಮಿಲಿಗ್ರಾಂನ ಡೈಸೊಪ್ರೊಕ್ಸಿಲ್ ರೂಪವು ಕೆಲವರಲ್ಲಿ ಎಲುಬಿನ ಸಾಂದ್ರತೆಯನ್ನು ಸ್ವಲ್ಪ ತಗ್ಗಿಸುತ್ತದೆ. ವಿರಳವಾಗಿ ಮೂತ್ರಪಿಂಡದ ನಾಳಗಳು ಹಾನಿಗೊಂಡು ರಂಜಕಾಂಶವು ಮೂತ್ರದಲ್ಲಿ ಸೋರಿಹೋಗುತ್ತದೆ, ಎಲುಬು ಮೆದುವಾಗುತ್ತದೆ. 25 ಮಿಲಿಗ್ರಾಂನ ಅಲಾಫೆನಮೈಡ್ ರೂಪದಲ್ಲಿ ರಕ್ತದಲ್ಲಿ ಸಂಚರಿಸುವ ಔಷಧಾಂಶ ಬಹಳ ಕಡಿಮೆ. ಆದ್ದರಿಂದ ಎಲುಬು ಮತ್ತು ಮೂತ್ರಪಿಂಡಗಳಿಗೆ ಅಪಾಯವೂ ಕಡಿಮೆ. ಅರವತ್ತು ಮೀರಿದವರಿಗೆ, ಎಲುಬು ಸವೆತ ಅಥವಾ ಮೂತ್ರಪಿಂಡದ ತೊಂದರೆ ಇರುವವರಿಗೆ ವೈದ್ಯರು ಸಾಮಾನ್ಯವಾಗಿ ಈ ರೂಪವನ್ನು ಇಲ್ಲವೇ ಎಂಟೆಕಾವಿರ್ ಅನ್ನು ಆರಿಸುತ್ತಾರೆ.

ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು

ಇದು ಈ ಲೇಖನದ ಮುಖ್ಯ ಮಾತು. ಎಲುಬಿನ ಭಯದಿಂದ ಮಾತ್ರೆ ಬಿಟ್ಟರೆ ಅಡಗಿದ್ದ ವೈರಾಣು ಮತ್ತೆ ಕೆರಳಿ ಯಕೃತ್ತು ತೀವ್ರವಾಗಿ ಕೆಡಬಹುದು, ಪ್ರಾಣಕ್ಕೂ ಕುತ್ತು ಬರಬಹುದು. ಔಷಧವನ್ನು ಬದಲಿಸಲು ಅವಕಾಶವಿರುವಾಗ ಬಿಡುವುದು ವಿವೇಕವಲ್ಲ. ಬದಲಾವಣೆಯ ನಿರ್ಧಾರ ವೈದ್ಯರದೇ ಆಗಿರಬೇಕು.

ಮೈಕೈ ನೋವಿಗೆಂದು ಅಂಗಡಿಯಿಂದ ತಂದು ನುಂಗುವ ನೋವಿನ ಮಾತ್ರೆಗಳು ಮೂತ್ರಪಿಂಡಕ್ಕೆ ಹಾನಿಕರ. ಸ್ಟೀರಾಯ್ಡ್ ಮಾತ್ರೆಗಳಂತೂ ಎಲುಬನ್ನು ಸವೆಸುವುದಲ್ಲದೆ ವೈರಾಣುವನ್ನೂ ಕೆರಳಿಸಬಲ್ಲವು. ಯಾವ ವೈದ್ಯರ ಬಳಿ ಹೋದರೂ ಹೆಪಟೈಟಿಸ್ ಬಿ ಇರುವುದನ್ನು ಮೊದಲೇ ತಿಳಿಸಬೇಕು.

ಗಮನಿಸಬೇಕಾದ ಲಕ್ಷಣಗಳು, ಪರೀಕ್ಷೆಗಳು

ಸೊಂಟ, ಪಕ್ಕೆಲುಬು, ತೊಡೆಗಳಲ್ಲಿ ಬಿಡದ ನೋವು, ನೆಲದಿಂದ ಏಳಲು, ಮೆಟ್ಟಿಲು ಹತ್ತಲು ಕಷ್ಟ, ಸಣ್ಣ ಬೀಳುವಿಕೆಗೇ ಎಲುಬು ಮುರಿಯುವುದು, ಎತ್ತರ ಕುಗ್ಗುವುದು. ಇವು ಕಂಡಲ್ಲಿ ವಯಸ್ಸಿನ ಸಹಜ ದಣಿವೆಂದು ಕಡೆಗಣಿಸಬಾರದು. ರಕ್ತದಲ್ಲಿ ಕ್ರಿಯಾಟಿನಿನ್, ರಂಜಕ, ವಿಟಮಿನ್ ಡಿ ಹಾಗೂ ಮೂತ್ರಪರೀಕ್ಷೆಗಳ ಕುರಿತು ವೈದ್ಯರನ್ನು ಕೇಳಬೇಕು. ಡೆಕ್ಸಾ ಪರೀಕ್ಷೆಯು ಎಲುಬಿನ ಸಾಂದ್ರತೆಯನ್ನು ಅಳೆಯುತ್ತದೆ. ಅದರಲ್ಲಿ ಟಿ ಅಂಕ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಅದು ಎಲುಬು ಸವೆತ.

ಆಹಾರ ಮತ್ತು ವಿಹಾರ

ಯಕೃತ್ತಿನ ರೋಗಕ್ಕೆ ಪಥ್ಯವೆಂದು ಬೇಳೆ, ಹಾಲು, ಮೊಸರನ್ನು ಬಿಡಿಸುವ ರೂಢಿ ನಮ್ಮಲ್ಲಿದೆ. ಇದರಿಂದ ಸ್ನಾಯು, ಎಲುಬು ಎರಡೂ ಬಡವಾಗುತ್ತವೆ. ರಾಗಿ ಮುದ್ದೆ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ನುಗ್ಗೆ ಸೊಪ್ಪು, ಮಜ್ಜಿಗೆ, ಕಾಳುಗಳು ನಿತ್ಯದ ಊಟದಲ್ಲಿರಲಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಸಸ್ಯಾಹಾರದಲ್ಲಿ ವಿಟಮಿನ್ ಡಿ ಅತ್ಯಲ್ಪವಾದುದರಿಂದ ಬಿಸಿಲೂ ಬೇಕು, ಕೊರತೆ ಕಂಡರೆ ವೈದ್ಯರು ಸೂಚಿಸಿದ ಪ್ರಮಾಣದ ಔಷಧವೂ ಬೇಕು. ನಿತ್ಯ ನಡಿಗೆಯು ಎಲುಬಿಗೆ ಬಲ ನೀಡುತ್ತದೆ. ಮದ್ಯ, ತಂಬಾಕುಗಳನ್ನು ಸಂಪೂರ್ಣ ವರ್ಜಿಸಬೇಕು.

ಸೋಂಕನ್ನು ಮುಚ್ಚಿಡುವವರು ಪರೀಕ್ಷೆ, ಚಿಕಿತ್ಸೆಗಳಿಂದಲೂ ದೂರ ಉಳಿಯುತ್ತಾರೆ. ಹೆಪಟೈಟಿಸ್ ಬಿ ಸಹಪಂಕ್ತಿ ಭೋಜನದಿಂದಾಗಲಿ, ಕೈಮುಟ್ಟುವುದರಿಂದಾಗಲಿ ಹರಡುವುದಿಲ್ಲ. ದಾಸೋಹದ ಪಂಕ್ತಿಯಲ್ಲಿ ಅವರಿಗೂ ಎಲ್ಲರಂತೆಯೇ ಸ್ಥಾನವಿದೆ. 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ನಿಗದಿತ ಸರ್ಕಾರಿ ಕೇಂದ್ರಗಳಲ್ಲಿ ಪರೀಕ್ಷೆ, ಔಷಧಗಳು ಉಚಿತವಾಗಿ ದೊರೆಯುತ್ತವೆ. ಭಕ್ತರು ಸಂಕೋಚವಿಲ್ಲದೆ ಇದರ ಪ್ರಯೋಜನ ಪಡೆದು, ಯಕೃತ್ತನ್ನೂ ಎಲುಬನ್ನೂ ಜೊತೆಜೊತೆಯಾಗಿ ಕಾಪಾಡಿಕೊಳ್ಳಲೆಂದು ನಾವು ಆಶಿಸುತ್ತೇವೆ.