ಹೊಳೆಯ ಕಲ್ಲಿನಡಿಯ ಸಾಕ್ಷಿಗಳು

ಸಹ್ಯಾದ್ರಿಯಲ್ಲಿ ಹುಟ್ಟಿದ ಮುಳಾ ಮತ್ತು ಮುಠಾ ನದಿಗಳು ಪುಣೆಯಲ್ಲಿ ಒಂದಾಗಿ ಭೀಮೆಯನ್ನು ಸೇರುತ್ತವೆ. ಆ ಭೀಮೆಯೇ ಪಂಢರಪುರವನ್ನು ದಾಟಿ ನಮ್ಮ ಗಾಣಗಾಪುರದ ಬಳಿ ಹರಿಯುತ್ತದೆ. ಆದುದರಿಂದ ಇಲ್ಲಿಯ ನೀರಿನ ಆರೋಗ್ಯವು ತವರಿನವರಿಗೂ ಸಂಬಂಧಿಸಿದ ವಿಷಯವೇ ಆಗಿದೆ.

ನೀರು ಕೆಟ್ಟಿದೆಯೆಂಬುದನ್ನು ಮೂಗೇ ಹೇಳಬಲ್ಲದು. ಏತರಿಂದ ಕೆಟ್ಟಿತೆಂದು ತಿಳಿಯಲು ಮಾತ್ರ ನೀರೊಳಗಿನ ಜೀವಿಗಳನ್ನು ವಿಚಾರಿಸಬೇಕು. ಮಳೆಗಾಲ ಮುಗಿದ ಮೇಲೆ ಊರಾಚೆಯ ಬೆಟ್ಟದ ತೊರೆಯೊಂದರಲ್ಲಿ ಕಲ್ಲನ್ನು ಮಗುಚಿ ನೋಡಿರಿ. ಬಾಲದಲ್ಲಿ ಎಳೆಗಳಿರುವ ಮೇಫ್ಲೈ ಮರಿಗಳು, ಮರಳಿನ ಕಣಗಳನ್ನು ಅಂಟಿಸಿ ಗೂಡು ಕಟ್ಟಿಕೊಂಡ ಕ್ಯಾಡಿಸ್ ಹುಳುಗಳು ಕಂಡರೆ ಅಲ್ಲಿ ಆಮ್ಲಜನಕ ಸಾಕಷ್ಟಿದೆಯೆಂದು ತಿಳಿಯಬಹುದು. ಅದರ ಬದಲು ಕೆಸರಿನಲ್ಲಿ ಕೆಂಪು ದಾರದಂಥ ಹುಳುಗಳು ಮಾತ್ರ ಕಂಡರೆ ಆಮ್ಲಜನಕ ತೀರುತ್ತ ಬಂದಿದೆ. ಆ ಕೆಂಪು, ನಮ್ಮ ರಕ್ತದಲ್ಲಿರುವಂತೆಯೇ, ಹಿಮೋಗ್ಲೋಬಿನ್ನಿನದು!

ಚರಂಡಿಯ ಕೊಳೆಯನ್ನು ತಿನ್ನುವ ಬ್ಯಾಕ್ಟೀರಿಯಾಗಳು ನೀರಿನ ಆಮ್ಲಜನಕವನ್ನು ಹೀರುತ್ತವೆ. ಬೇಸಿಗೆಯಲ್ಲಿ ಇದು ಇಮ್ಮಡಿ ಕಷ್ಟ. 20 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಲೀಟರಿಗೆ ಹೆಚ್ಚೆಂದರೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿಯುವ ನೀರು, 30 ಡಿಗ್ರಿಯಲ್ಲಿ 7.5 ಮಾತ್ರ ಹಿಡಿಯಬಲ್ಲದು. ಮೀನುಗಳಿಗೆ ಕನಿಷ್ಠ 4 ಮಿಲಿಗ್ರಾಂ ಇರಬೇಕೆಂಬುದು ನಮ್ಮ ದೇಶದ ಮಾನದಂಡ. ರಾತ್ರಿ ಪಾಚಿಯೂ ಆಮ್ಲಜನಕವನ್ನು ಬಳಸುವುದರಿಂದ ಬೆಳಗಿನ ಜಾವದಲ್ಲಿ ಕೊರತೆ ಅತ್ಯಧಿಕ. ಆ ಹೊತ್ತಿನಲ್ಲಿ ಮೀನುಗಳು ಮೇಲೆದ್ದು ಬಾಯಿ ತೆರೆಯುತ್ತ, ದೊಡ್ಡವು ಮೊದಲು ಸಾಯುತ್ತಿದ್ದರೆ ಉಸಿರು ಕಟ್ಟಿದೆಯೆಂದು ಊಹಿಸಬಹುದು. ಹಗಲಿನಲ್ಲಿ ಹಠಾತ್ತನೆ, ಕಿರಿದು ಹಿರಿದೆಂಬ ಭೇದವಿಲ್ಲದೆ ಸತ್ತರೆ ವಿಷವನ್ನು ಶಂಕಿಸಬೇಕು. ಮೀನು ಉಳಿದು ಕೀಟಗಳಷ್ಟೇ ಅಳಿದಿದ್ದರೆ ಹೊಲದ ಕೀಟನಾಶಕದ ಕಡೆಗೆ ದೃಷ್ಟಿ ಹರಿಸಬೇಕು. ಕಲ್ಲುಗಳ ಸಂದು ಹೂಳಿನಿಂದ ಮುಚ್ಚಿಹೋದರಂತೂ ಯಾವ ವಿಷವೂ ಬೇಕಿಲ್ಲ. ಇವೆಲ್ಲ ಊಹೆಗಳು, ಖಚಿತವಾಗಿ ಹೇಳಬಲ್ಲುದು ಪ್ರಯೋಗಾಲಯವೇ. ಆದರೆ ನೀರಿನ ಮಾದರಿಯನ್ನು ಕೂಡಲೇ ತೆಗೆದಿರಿಸಬೇಕು. ಮರುದಿನ ಹೋದರೆ ಅಪರಾಧಿಯು ಹರಿದುಹೋಗಿರುತ್ತಾನೆ.

ಇನ್ನು ನಮ್ಮ ಮನೆಯ ಮಾತು. ಆನೆಕಾಲು ರೋಗವನ್ನು ಹರಡಬಲ್ಲ ಕ್ಯೂಲೆಕ್ಸ್ ಸೊಳ್ಳೆಯ ಮರಿಯು ನೀರಿನ ಆಮ್ಲಜನಕವನ್ನು ನೆಚ್ಚಿಲ್ಲ. ಬಾಲದ ನಳಿಕೆಯನ್ನು ಮೇಲಕ್ಕೆ ಚಾಚಿ ಗಾಳಿಯನ್ನೇ ಉಸಿರಾಡುತ್ತದೆ. ಮೀನು ಸತ್ತ ಕೊಳಕು ನೀರಿನಲ್ಲಿ ಅದಕ್ಕೆ ಆಹಾರ ಹೇರಳ, ಶತ್ರುಗಳು ವಿರಳ. ಇಲ್ಲಿಯವರು ಜಲಪರ್ಣಿ ಎನ್ನುವ ಕಳೆ ಹಬ್ಬಿದರೆ ಅದಕ್ಕೆ ಮರೆಯೂ ದೊರೆಯುತ್ತದೆ. ಹೊಳೆಯ ದಂಡೆಯ ಬಡಾವಣೆಗಳಲ್ಲಿ ಸಂಜೆಯಾಗುತ್ತಲೇ ಕಿಟಕಿ ಮುಚ್ಚಿಕೊಳ್ಳುವ ನಮಗೆ ಇದರ ಅನುಭವವುಂಟು. ಸೊಳ್ಳೆಗೆಂದು ನೀರಿಗೆ ಕೀಟನಾಶಕವನ್ನು ಸುರಿದರೆ, ಅದರ ಮರಿಗಳನ್ನು ತಿನ್ನುವ ಏರೋಪ್ಲೇನ್ ಚಿಟ್ಟೆಯ ಮರಿಗಳೂ ಅಳಿಯುತ್ತವೆ. ಸೊಳ್ಳೆಯ ಸಂತತಿ ಕೆಲವೇ ವಾರಗಳಲ್ಲಿ ಮರಳಿ ಬರುತ್ತದೆ. ಚಿಟ್ಟೆಯದು ಅಷ್ಟು ಬೇಗ ಬಾರದು.