ಮನೆಯಲ್ಲಿ ಮೂರು ಭಾಷೆ ಇದ್ದರೆ ಮಗುವಿನ ಮಾತು ಹಿಂದೆ ಬೀಳುತ್ತದೆಯೇ?

ಪ್ರಶ್ನೆ: ನನ್ನ ಮೊಮ್ಮಗನಿಗೆ ಐದು ವರ್ಷ ತುಂಬಿದೆ. ನಮ್ಮದು ಕನ್ನಡ. ಸೊಸೆ ಚಿಂಚೋಳಿ ಕಡೆಯವಳು, ಹುಡುಗನ ಜೊತೆ ತೆಲುಗು ಮಾತಾಡುತ್ತಾಳೆ. ಓಣಿಯಲ್ಲಿ ಉರ್ದು. ಹುಡುಗ ಇನ್ನೂ ಎರಡು ಮೂರು ಪದ ಕೂಡಿಸಿ ನಿಲ್ಲುತ್ತಾನೆ. ನಾವು ಹೇಳಿದ್ದರಲ್ಲಿ ಅರ್ಧ ಮಾತ್ರ ತಿಳಿದಂತೆ ಕಾಣುತ್ತದೆ. ಕಿವಿ ಚೆನ್ನಾಗಿದೆ ಅನ್ನಿಸುತ್ತದೆ. ಭಾಷೆ ಹೆಚ್ಚಾಗಿ ಹೀಗಾಗಿದೆ, ಒಂದೇ ಇಟ್ಟುಕೊಳ್ಳಿ ಎಂದು ಹಲವರು ಹೇಳುತ್ತಾರೆ. ಮಕ್ಕಳ ಭಾಷೆಯ ತೊಂದರೆಗಳ ಬಗ್ಗೆ ಸಂಶೋಧನೆ ನಡೆದಿದೆಯಂತೆ. ಅದು ಏನು ಹೇಳುತ್ತದೆ? ಕನ್ನಡದ ಮಕ್ಕಳ ಮೇಲೂ ನಡೆದಿದೆಯೇ?
– ಓದುಗರು, ರಾವೂರ, ಚಿತ್ತಾಪುರ ತಾಲ್ಲೂಕು

ಉತ್ತರ: ನೀವು ಇದನ್ನು ಬರೆದು ಕೇಳಿದ್ದು ಒಳ್ಳೆಯದಾಯಿತು. ವಾಡಿ, ಶಹಾಬಾದ, ಸೇಡಂ ಸುತ್ತ ಕಲ್ಲಿನ ಗಣಿ, ಸಿಮೆಂಟ್ ಕಾರ್ಖಾನೆ, ರೈಲ್ವೆ ಕೆಲಸಕ್ಕೆಂದು ಎಲ್ಲೆಲ್ಲಿಂದಲೋ ಬಂದವರು ನೆಲೆಸಿದ್ದಾರೆ. ಕನ್ನಡದ ಜೊತೆ ಉರ್ದು, ತೆಲುಗು, ಮರಾಠಿ, ಲಂಬಾಣಿ ಕಿವಿಗೆ ಬೀಳದ ಓಣಿ ಅಲ್ಲಿ ಕಡಿಮೆ. ಆದ್ದರಿಂದ ಈ ಸಂದೇಹ ಬಹಳ ಮನೆಗಳದ್ದು.

ನೀವು ಕೇಳಿದ್ದರಲ್ಲಿ ಎರಡು ಮಾತಿವೆ: ಹೆಚ್ಚು ಭಾಷೆ ಕೇಳಿದ್ದೇ ತೊಂದರೆಗೆ ಕಾರಣವೇ ಎಂಬುದು ಒಂದು, ಈ ತೊಂದರೆ ಎಂದರೇನು ಎಂಬುದು ಇನ್ನೊಂದು. ಮೊದಲನೆಯದಕ್ಕೆ ನೇರವಾಗಿ ಹೇಳುತ್ತೇನೆ: ಕಾರಣವಲ್ಲ. ನಿಮ್ಮ ಸೊಸೆ ತೆಲುಗು ಬಿಡಬೇಕಾಗಿಲ್ಲ.

ಇದನ್ನು ಪರೀಕ್ಷಿಸಿ ನೋಡಿದವರಿದ್ದಾರೆ. ಕೆನಡಾದಲ್ಲಿ ಜೊಹಾನ್ ಪ್ಯಾರಡಿಸ್ ಮತ್ತು ಸಂಗಡಿಗರು ಫ್ರೆಂಚ್, ಇಂಗ್ಲಿಷ್ ಎರಡನ್ನೂ ಆಡುತ್ತ ಬೆಳೆದ, ಭಾಷಾ ತೊಂದರೆಯಿದ್ದ ಸುಮಾರು ಏಳು ವರ್ಷದ ಮಕ್ಕಳನ್ನು ಅಭ್ಯಾಸ ಮಾಡಿ 2003ರಲ್ಲಿ ಪ್ರಕಟಿಸಿದರು. ಇದೇ ತೊಂದರೆಯಿದ್ದು ಒಂದೇ ಭಾಷೆ ಆಡುವ ಮಕ್ಕಳ ಜೊತೆ ಇವರನ್ನು ಹೋಲಿಸಿದರು. ಎರಡು ಭಾಷೆ ಹೊರೆಯಾಗುವುದಿದ್ದರೆ ಇವರ ವ್ಯಾಕರಣ ಹೆಚ್ಚು ಕೆಟ್ಟಿರಬೇಕಿತ್ತು, ಹಾಗೆ ಕಾಣಲಿಲ್ಲ. ಅಲ್ಲಿದ್ದ ಮಕ್ಕಳ ಸಂಖ್ಯೆ ಚಿಕ್ಕದು, ನಿಜ. ಆದರೆ ಬಹುಭಾಷೆ ಈ ತೊಂದರೆಯನ್ನು ಹುಟ್ಟಿಸುವುದಿಲ್ಲ ಎಂಬುದನ್ನು ಇಂದು ಈ ಕ್ಷೇತ್ರದವರು ಸಾಮಾನ್ಯವಾಗಿ ಒಪ್ಪಿದ್ದಾರೆ.

ಇದರಿಂದ ನಿಮಗೆ ಮನೆಯಲ್ಲೇ ಉಪಯೋಗಕ್ಕೆ ಬರುವ ಒಂದು ಗುರುತೂ ಸಿಗುತ್ತದೆ. ನಿಜವಾದ ಭಾಷಾ ತೊಂದರೆ ಮಗುವಿನ ಎಲ್ಲ ಭಾಷೆಗಳಲ್ಲೂ ಕಾಣಬೇಕು. ನಿಮ್ಮ ಮೊಮ್ಮಗ ತಾಯಿಯ ಜೊತೆ ತೆಲುಗಿನಲ್ಲಿ ಉದ್ದುದ್ದ ಮಾತಾಡಿ ಕನ್ನಡದಲ್ಲಿ ಮಾತ್ರ ತಡವರಿಸಿದರೆ, ಅವನಿಗೆ ಕನ್ನಡ ಕೇಳಿದ್ದು ಸಾಲದು ಎಂದಷ್ಟೇ ಅರ್ಥ. ಮೂರರಲ್ಲೂ ಹೀಗೇ ಇದ್ದರೆ ತಜ್ಞರಿಗೆ ತೋರಿಸಬೇಕು. ಅವನು ಒಂದೇ ಮಾತಿನಲ್ಲಿ ತೆಲುಗನ್ನೂ ಕನ್ನಡವನ್ನೂ ಕೂಡಿಸಿದರೆ ಗಾಬರಿ ಬೇಡ. ನಿಮ್ಮೂರಿನ ದೊಡ್ಡವರೂ ಹಾಗೆ ಆಡುತ್ತಾರೆ. ಒಂದೇ ಭಾಷೆ ಇಟ್ಟುಕೊಳ್ಳಿ ಎಂಬ ಸಲಹೆ ಒಳ್ಳೆಯ ಮನಸ್ಸಿನಿಂದ ಬಂದರೂ ಕೆಡುಕು ಮಾಡುತ್ತದೆ ಎಂಬುದು ನನ್ನ ಅಭಿಪ್ರಾಯ. ತನ್ನ ಭಾಷೆ ಬಿಟ್ಟ ತಾಯಿ ಮಗುವಿನ ಜೊತೆ ಮಾತನ್ನೇ ಕಡಿಮೆ ಮಾಡುತ್ತಾಳೆ, ಲಾಲಿ, ಕಥೆ, ಗದರಿಕೆ ಎಲ್ಲವೂ ಕಡಿಮೆಯಾಗುತ್ತವೆ.

ಇನ್ನು ಎರಡನೆಯದು. ಕಿವುಡು, ಆಟಿಸಂ, ಬುದ್ಧಿಮಾಂದ್ಯ ಮೊದಲಾದ ಬೇರೆ ಕಾರಣ ಕಾಣದಿದ್ದರೂ ಕೆಲವು ಮಕ್ಕಳಿಗೆ ಭಾಷೆ ಸುಲಭವಾಗಿ ದಕ್ಕುವುದಿಲ್ಲ. ಇದಕ್ಕೆ ಹಿಂದೆ ಹತ್ತಾರು ಹೆಸರುಗಳಿದ್ದವು. ಆಕ್ಸ್‌ಫರ್ಡ್‌ನ ಡೊರೊಥಿ ಬಿಷಪ್ ಮುಂದಾಳತ್ವದಲ್ಲಿ ಇಂಗ್ಲಿಷ್ ಮಾತಾಡುವ ಹಲವು ದೇಶಗಳ ಐವತ್ತಕ್ಕೂ ಹೆಚ್ಚು ತಜ್ಞರು ಚರ್ಚಿಸಿ, 2016 ಮತ್ತು 2017ರ ವರದಿಗಳಲ್ಲಿ ‘ಡೆವಲಪ್‌ಮೆಂಟಲ್ ಲ್ಯಾಂಗ್ವೇಜ್ ಡಿಸಾರ್ಡರ್’ ಎಂಬ ಒಂದೇ ಹೆಸರಿಗೆ ಬಂದರು. ಚಿಕ್ಕದಾಗಿ ಡಿಎಲ್‌ಡಿ. ಇಂಗ್ಲೆಂಡಿನ ಸರ್ರೆ ಪ್ರಾಂತದಲ್ಲಿ ಕೋರ್ಟ್ನಿ ನಾರ್ಬರಿ ತಂಡ ಶಾಲೆಗೆ ಆಗಷ್ಟೇ ಸೇರಿದ ಮಕ್ಕಳನ್ನು ನೋಡಿ 2016ರಲ್ಲಿ ಕೊಟ್ಟ ಅಂದಾಜು ಶೇಕಡ 7.5ರ ಸುಮಾರು, ಮೂವತ್ತು ಮಕ್ಕಳ ತರಗತಿಯಲ್ಲಿ ಇಬ್ಬರು. ಆ ಅಂಕಿ ಅಲ್ಲಿನದು, ಕಲಬುರಗಿ ಜಿಲ್ಲೆಗೆ ಹಾಗೇ ಹಚ್ಚಬಾರದು. ಆದರೂ ಇದು ಅಪರೂಪದ ತೊಂದರೆಯಲ್ಲ ಎಂಬುದಂತೂ ತಿಳಿಯುತ್ತದೆ. ತಂದೆತಾಯಿಯ ಅಲಕ್ಷ್ಯದಿಂದ ಬರುವಂಥದೂ ಅಲ್ಲ. ಹಲವು ಜೀನುಗಳ ಪಾತ್ರವಿದೆ, ಕುಟುಂಬಗಳಲ್ಲಿ ಹರಿದುಬರುತ್ತದೆ.

ಇಲ್ಲಿ ಒಂದು ಗೊಂದಲ ಸಹಜ. ‘ರ’ ಬದಲು ‘ಲ’ ಅನ್ನುವುದು, ತೊದಲುವುದು, ಉಗ್ಗುವುದು ಉಚ್ಚಾರದ ಮತ್ತು ಓಘದ ವಿಷಯಗಳು. ನಿಮ್ಮ ಪತ್ರದಲ್ಲಿ ನನ್ನ ಗಮನ ಸೆಳೆದದ್ದು ಅದಲ್ಲ. ‘ಅರ್ಧ ಮಾತ್ರ ತಿಳಿದಂತೆ’ ಎಂಬ ಮಾತು. ಅರ್ಥ ಮಾಡಿಕೊಳ್ಳುವುದರಲ್ಲೇ ಹಿನ್ನಡೆ ಇದ್ದರೆ ನಾಲಿಗೆಗೆ ಬಜೆ ತೇಯ್ದು ಹಚ್ಚಿದರೆ ಪ್ರಯೋಜನವಾಗದು.

ಕನ್ನಡದ ಮಕ್ಕಳ ಮೇಲೆ ಕೆಲಸ ನಡೆದಿದೆಯೇ ಎಂದಿರಿ. ನಡೆದಿದೆ, ಅದೂ ಬಹಳ ವರ್ಷಗಳಿಂದ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಆರಂಭವಾಯಿತು. ಅಲ್ಲಿನ ಅಧ್ಯಾಪಕರೂ ವಿದ್ಯಾರ್ಥಿಗಳೂ ಕನ್ನಡ ಮಕ್ಕಳ ಪದಸಂಪತ್ತು, ವಾಕ್ಯರಚನೆ ಅಳೆಯುವ ಪರೀಕ್ಷೆಗಳನ್ನು ಒಂದೊಂದಾಗಿ ಸಿದ್ಧಪಡಿಸಿದ್ದಾರೆ. ಅಲ್ಲಿ ದುಡಿದ ಪ್ರತಿಭಾ ಕಾರಂತರ ‘ಲಿಂಗ್ವಿಸ್ಟಿಕ್ ಪ್ರೊಫೈಲ್ ಟೆಸ್ಟ್’ ಕನ್ನಡಕ್ಕೆಂದೇ ರೂಪುಗೊಂಡದ್ದು. ಅವರೇ ಮುಂದೆ ಬೆಂಗಳೂರಿನಲ್ಲಿ ‘ಕಾಮ್ ಡೀಲ್’ ಎಂಬ ಚಿಕಿತ್ಸಾ ಕಾರ್ಯಕ್ರಮ ಆರಂಭಿಸಿದರು.

ಇಂಗ್ಲಿಷ್ ಪರೀಕ್ಷೆಯನ್ನೇ ಅನುವಾದಿಸಿದ್ದರೆ ಆಗುತ್ತಿರಲಿಲ್ಲವೇ? ಆಗುತ್ತಿರಲಿಲ್ಲ. ಡಿಎಲ್‌ಡಿ ಇರುವ ಇಂಗ್ಲಿಷ್ ಮಗು ಭೂತಕಾಲದ ‘ಎಡ್’ ನಂಥ ಬಾಲವನ್ನು ಬಿಟ್ಟು ಬರೀ ಕ್ರಿಯಾಪದ ಆಡುತ್ತದೆ. ಅದೇ ಅಲ್ಲಿ ದೊಡ್ಡ ಗುರುತು. ಸಂಶೋಧಕ ಲಾರೆನ್ಸ್ ಲಿಯೊನಾರ್ಡ್ ಇದೇ ತೊಂದರೆಯಿದ್ದ ಇಟಾಲಿಯನ್, ಹೀಬ್ರೂ ಮಕ್ಕಳನ್ನು ನೋಡಿದಾಗ ತಪ್ಪಿನ ಬಗೆಯೇ ಬೇರೆ ಇತ್ತು. ಕನ್ನಡದಲ್ಲಿ ಹೋದ, ಹೋದಳು, ಹೋಯಿತು ಎಂದು ಪ್ರತ್ಯಯ ಹಚ್ಚದೆ ಮಾತು ಮುಂದೆ ಸಾಗುವುದೇ ಇಲ್ಲ. ಜೊತೆಗೆ ನಮ್ಮಲ್ಲಿ ಪದಗಳ ಜಾಗ ಬದಲಾಗಬಹುದು: ‘ನಾಯಿ ಬೆಕ್ಕನ್ನು ಅಟ್ಟಿತು’, ‘ಬೆಕ್ಕನ್ನು ನಾಯಿ ಅಟ್ಟಿತು’ ಎರಡೂ ಒಂದೇ. ಯಾರು ಯಾರನ್ನು ಅಟ್ಟಿದರು ಎಂದು ಹೇಳುವುದು ಆ ‘ಅನ್ನು’. ಎರಡನೆಯ ವಾಕ್ಯ ಕೇಳಿದ ಮಗು ಸರಿಯಾದ ಚಿತ್ರಕ್ಕೆ ಬೆರಳು ಇಡುತ್ತದೆಯೇ ಎಂದು ನೋಡುವ ಪರೀಕ್ಷೆ ಕನ್ನಡದ ಒಳಗಿನಿಂದಲೇ ಹುಟ್ಟಬೇಕು.

ನಿಮ್ಮ ಸೀಮೆಯವರು ಇನ್ನೊಂದು ಮಾತು ನೆನಪಿಡಬೇಕು. ಮೈಸೂರಿನ ಪರೀಕ್ಷೆಯ ಪುಸ್ತಕದ ಈರುಳ್ಳಿ ಚಿತ್ರ ತೋರಿಸಿದಾಗ ರಾವೂರಿನ ಮಗು ‘ಉಳ್ಳಾಗಡ್ಡಿ’ ಅಂದರೆ, ಕಡಲೆಕಾಯಿಗೆ ‘ಶೇಂಗಾ’ ಅಂದರೆ, ‘ಹೋಗಿದ್ದಾನೆ’ ಬದಲು ‘ಹೋಗ್ಯಾನ’ ಅಂದರೆ ಪೂರ್ತಿ ಅಂಕ ಕೊಡಬೇಕು. ಬಲ್ಲ ಪರೀಕ್ಷಕರು ಹಾಗೇ ಮಾಡುತ್ತಾರೆ. ಮಾಡದಿದ್ದರೆ ನೀವು ವಿನಯದಿಂದ ಹೇಳಿ.

ಶಾಲೆಯ ಕಡೆಗೂ ಒಂದು ಮಾತು. ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್ನಿನ ಸೊನಾಲಿ ನಾಗ್ 2007ರಲ್ಲಿ ತೋರಿಸಿದಂತೆ, ಕಾಗುಣಿತ ಒತ್ತಕ್ಷರಗಳೆಲ್ಲ ಕೂಡಿ ಕನ್ನಡ ಅಕ್ಷರಮಾಲೆ ಪೂರ್ತಿ ಕೈವಶವಾಗಲು ಮಕ್ಕಳಿಗೆ ಹಲವು ವರ್ಷ ಹಿಡಿಯುತ್ತದೆ. ಒಂದನೆಯ ತರಗತಿಯಲ್ಲಿ ಒತ್ತಕ್ಷರ ಬಾರದಿದ್ದರೆ ಅದು ತೊಂದರೆಯ ಗುರುತಲ್ಲ. ಆದರೆ ಆಡುಮಾತಿನ ಭಾಷೆಯೇ ತೆಳುವಾಗಿದ್ದ ಮಗು ಮುಂದೆ ಅಕ್ಷರ ಓದಿಯೂ ಅರ್ಥ ಹಿಡಿಯದೆ ಉಳಿಯಬಹುದು. ಐದು ವರ್ಷಕ್ಕೇ ನೀವು ಯೋಚಿಸಿದ್ದು ಇದಕ್ಕಾಗಿಯೇ ಒಳ್ಳೆಯದು.

ಈಗ ಏನು ಮಾಡಬೇಕು? ಎರಡು ವರ್ಷದ ಮಗು ತಡವಾಗಿ ಮಾತಾಡಿದರೆ ಸ್ವಲ್ಪ ಕಾಯಬಹುದು, ಅಂಥವರಲ್ಲಿ ಬಹುಪಾಲು ಮಕ್ಕಳು ಸರಿದೂಗಿಸಿಕೊಳ್ಳುತ್ತಾರೆ. ಐದು ತುಂಬಿದ ಮೇಲೆ ಕಾಯಬಾರದು. ಮೊದಲು ಕಿವಿಯ ಪರೀಕ್ಷೆ. ‘ಚೆನ್ನಾಗಿದೆ ಅನ್ನಿಸುತ್ತದೆ’ ಎಂಬುದು ಸಾಲದು: ಪದೇ ಪದೇ ನೆಗಡಿಯಾಗಿ ನಡುಗಿವಿಯಲ್ಲಿ ನೀರು ನಿಂತ ಮಗು ಪಾತ್ರೆ ಬಿದ್ದ ಸದ್ದಿಗೆ ತಿರುಗುತ್ತದೆ, ಮಾತಿನ ಮೆಲು ಸದ್ದುಗಳನ್ನು ಮಾತ್ರ ಕಳೆದುಕೊಳ್ಳುತ್ತದೆ. ನಂತರ ವಾಕ್ ತಜ್ಞರು. ಕೇಂದ್ರ ಸರ್ಕಾರ 2013ರಲ್ಲಿ ಆರಂಭಿಸಿದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಭಾಷೆಯ ಹಿನ್ನಡೆಯೂ ಸೇರಿದೆ. ಆ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರಬೇಕು. ಅಂಗನವಾಡಿ ಕಾರ್ಯಕರ್ತೆ ಅಥವಾ ಆಶಾ ಅವರಿಗೆ ಹೇಳಿ ಮಗುವಿನ ಹೆಸರು ಬರೆಸಿ, ಜಿಲ್ಲಾ ಮಟ್ಟದ ಶೀಘ್ರ ಚಿಕಿತ್ಸಾ ಕೇಂದ್ರಕ್ಕೆ ಚೀಟಿ ಕೇಳಿ.

ಅಲ್ಲಿಯವರೆಗೆ ಮನೆಯಲ್ಲಿ ಅವನನ್ನು ತಿದ್ದಿ ‘ಸರಿಯಾಗಿ ಹೇಳು’ ಎಂದು ಒತ್ತಾಯಿಸಬೇಡಿ. ಅವನು ‘ನೀರ ಬೇಕ’ ಅಂದರೆ ‘ತಣ್ಣನ್ನ ನೀರ ಬೇಕೇನು ನಿನಗ?’ ಎಂದು ತುಸು ಹಿಗ್ಗಿಸಿ ಮರಳಿಸಿ; ಸೊಸೆಯೂ ತೆಲುಗಿನಲ್ಲಿ ಹೀಗೇ ಮಾಡಲಿ. ಅವನು ಕನ್ನಡದಲ್ಲೂ ತೆಲುಗಿನಲ್ಲೂ ಆಡುವ ಮಾತನ್ನು ಮೊಬೈಲಿನಲ್ಲಿ ಹಿಡಿದಿಟ್ಟುಕೊಳ್ಳಿ, ಯಾರ ಜೊತೆ ಯಾವ ಭಾಷೆ ಎಂದು ಬರೆದುಕೊಳ್ಳಿ. ತಜ್ಞರಿಗೆ ತೆಲುಗು ಬಾರದೆ ಇರಬಹುದು. ಆದ್ದರಿಂದ ಆಸ್ಪತ್ರೆಗೆ ನೀವಷ್ಟೇ ಹೋಗದೆ ಸೊಸೆಯನ್ನೂ ಕರೆದುಕೊಂಡು ಹೋಗಿ. ಅವನ ಮಾತಿನ ಅರ್ಧ ಪಾಲು ಬಲ್ಲವಳು ಅವಳೇ.