ಹೆಗಲ ದಣಿವಿನ ಅಳತೆ ಮತ್ತು ನೋವಿನ ಮಾತು

ಶಾಸ್ತ್ರವಿಷಯವನ್ನು ಕನ್ನಡದಲ್ಲಿ ಹೇಳಲು ಪಾರಿಭಾಷಿಕ ಪದಗಳಿದ್ದರೆ ಸಾಕೆಂಬ ಭಾವನೆ ವಿದ್ಯಾರ್ಥಿಗಳಲ್ಲಿ ಸಾಮಾನ್ಯ. ಆದರೆ ಕೆಲವು ಶಾಸ್ತ್ರಗಳಲ್ಲಿ ಭಾಷೆಯೇ ಅಳತೆಯ ಒಂದು ಉಪಕರಣವಾಗಿರುತ್ತದೆ. ದುಡಿಮೆಯಿಂದ ಬರುವ ಕುತ್ತಿಗೆ ಮತ್ತು ಹೆಗಲ ನೋವಿನ ಅಧ್ಯಯನ ಅಂಥದು. ಸ್ನಾಯುವಿನ ದಣಿವನ್ನು ಯಂತ್ರ ಅಳೆಯಬಲ್ಲದು. ನೋವನ್ನು ಮಾತ್ರ ನೋಯುವವರ ಬಾಯಿಂದಲೇ ಕೇಳಬೇಕು. ಕೇಳುವ ಪದ ತಪ್ಪಿದರೆ ಅಳತೆಯೂ ತಪ್ಪುತ್ತದೆ.

1. ಹಿನ್ನೆಲೆ

ಇಟಲಿಯ ವೈದ್ಯ ಬರ್ನಾರ್ಡಿನೊ ರಮಾಜ್ಜಿನಿ ಕಸುಬುಗಳಿಂದ ಬರುವ ರೋಗಗಳನ್ನು ಕುರಿತು 1700ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿ, 1713ರಲ್ಲಿ ಅದನ್ನು ವಿಸ್ತರಿಸಿದನು. ಬರೆಯುವ ಗುಮಾಸ್ತರ ಬೇನೆಗೆ ಅವನು ಮೂರು ಕಾರಣಗಳನ್ನು ಕೊಟ್ಟನು: ಎಡೆಬಿಡದೆ ಕುಳಿತಿರುವುದು, ಕೈಯನ್ನು ಒಂದೇ ಬಗೆಯಲ್ಲಿ ಆಡಿಸುತ್ತಿರುವುದು, ತಪ್ಪಾಗಬಾರದೆಂಬ ಮನಸ್ಸಿನ ಬಿಗಿ. ಇಂದಿನ ಸಂಶೋಧಕರು ಹೇಳುವ ಕಾರಣಗಳಲ್ಲಿಯೂ ಈ ಮೂರು ಮುಖ್ಯವಾಗಿವೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಟಲಿಯವನೇ ಆದ ಆಂಜೆಲೊ ಮೊಸ್ಸೊ ಬೆರಳೊಂದು ತೂಕವನ್ನು ಮತ್ತೆಮತ್ತೆ ಎತ್ತುತ್ತ ಸೋಲುವುದನ್ನು ಗೆರೆಗಳಾಗಿ ದಾಖಲಿಸುವ ಉಪಕರಣವನ್ನು ರಚಿಸಿದನು. ದಣಿವು ಅಳತೆಗೆ ಸಿಕ್ಕ ಆರಂಭದ ಪ್ರಯೋಗಗಳಲ್ಲಿ ಇದು ಪ್ರಸಿದ್ಧವಾದುದು.

2. ಯಂತ್ರದ ಅಳತೆ

ತಲೆಬುರುಡೆಯ ಹಿಂಭಾಗದಿಂದ ಕುತ್ತಿಗೆ, ಹೆಗಲುಗಳ ಮೇಲೆ ಹರಡಿ ಬೆನ್ನಿನ ನಡುವಿನವರೆಗೆ ಇಳಿಯುವ ಸ್ನಾಯುವಿಗೆ ಟ್ರಪೀಜಿಯಸ್ ಎಂದು ಹೆಸರು. ಕೈ ಮುಂದೆ ಚಾಚಿ ಕೆಲಸ ಮಾಡುವಾಗಲೆಲ್ಲ ಇದರ ಮೇಲ್ಭಾಗ ಬಿಗಿಯುತ್ತದೆ. ಬಿಗಿಯುವ ಸ್ನಾಯುವಿನಲ್ಲಿ ಸೂಕ್ಷ್ಮ ವಿದ್ಯುತ್ತು ಸಂಚರಿಸುತ್ತದೆ. ಕುತ್ತಿಗೆಯ ಬುಡದ ಏಳನೆಯ ಎಲುಬಿನಿಂದ ಭುಜದ ತುದಿಯವರೆಗೆ ಎಳೆದ ಗೆರೆಯ ನಡುಭಾಗದಲ್ಲಿ ಚರ್ಮದ ಮೇಲೆ ಎರಡು ಎಲೆಕ್ಟ್ರೋಡುಗಳನ್ನು ಅಂಟಿಸಿ ಆ ವಿದ್ಯುತ್ತನ್ನು ಗ್ರಹಿಸುತ್ತಾರೆ. ಇದೇ ಇ.ಎಂ.ಜಿ. ವಿಧಾನ.

ಒಂದೇ ಭಾರವನ್ನು ಹೊತ್ತು ಸ್ನಾಯು ದಣಿಯುತ್ತ ಹೋದಂತೆ ಎರಡು ಬದಲಾವಣೆಗಳು ಕಾಣುತ್ತವೆ. ಸಂಕೇತದ ಎತ್ತರ ಹೆಚ್ಚುತ್ತದೆ. ಅದರ ಕಂಪನಾಂಕ ಕೆಳಗಿಳಿಯುತ್ತದೆ. ಸ್ನಾಯುತಂತುಗಳಲ್ಲಿ ವಿದ್ಯುತ್ತರಂಗದ ಓಟ ನಿಧಾನವಾಗುವುದು ಈ ಇಳಿತಕ್ಕೆ ಮುಖ್ಯ ಕಾರಣ. ಒಬ್ಬರ ಚರ್ಮದಂತೆ ಇನ್ನೊಬ್ಬರ ಚರ್ಮವಿಲ್ಲವಾದ್ದರಿಂದ ಅಂಕಿಗಳನ್ನು ನೇರವಾಗಿ ಹೋಲಿಸಲಾಗದು. ಆದುದರಿಂದ ವ್ಯಕ್ತಿಯು ತನ್ನೆಲ್ಲ ಬಲ ಹಾಕಿದಾಗ ಬರುವ ಸಂಕೇತವನ್ನು 100 ಎಂದಿಟ್ಟುಕೊಂಡು, ಉಳಿದುದನ್ನು ಅದರ ಶೇಕಡಾವಾರಿನಲ್ಲಿ ಹೇಳುತ್ತಾರೆ. ನೋವಿರುವವರು ಪೂರ್ಣಬಲ ಹಾಕಲಾರರು. ಅವರಿಂದ ತೋಳುಗಳನ್ನು ಕೆಲಕ್ಷಣ ಅಡ್ಡಲಾಗಿ ಚಾಚಿಸಿ, ಅದನ್ನೇ ಆಧಾರವಾಗಿ ಹಿಡಿಯುವುದುಂಟು.

3. ಹಗುರ ಕೆಲಸದ ಭಾರ

ಪೂರ್ಣಬಲದ ಶೇ. 15ಕ್ಕಿಂತ ಕಡಿಮೆ ಬಿಗಿತವನ್ನು ಎಷ್ಟು ಹೊತ್ತಾದರೂ ತಡೆದುಕೊಳ್ಳಬಹುದೆಂದು 1960ರ ಸುಮಾರಿಗೆ ಭಾವಿಸಲಾಗಿತ್ತು. ಆದರೆ ಅದಕ್ಕಿಂತ ಹಗುರವಾದ ಕೆಲಸ ಮಾಡುವವರಿಗೂ ಹೆಗಲು ನೋಯುತ್ತಿತ್ತು. ಮುಂದೆ ಸ್ವೀಡನ್ನಿನ ಬೆಂಗ್ಟ್ ಯಾನ್ಸನ್ ದಿನವಿಡೀ ಮಾಡುವ ಕೆಲಸದಲ್ಲಿ ನಿರಂತರ ಬಿಗಿತ ಶೇ. 2ರಷ್ಟಿರಲಿ, ಶೇ. 5ನ್ನು ಮೀರದಿರಲಿ ಎಂದು ಸೂಚಿಸಿದನು.

ಇದಕ್ಕೆ ವಿವರಣೆಯಾಗಿ 1991ರಲ್ಲಿ ಯೋರಾನ್ ಹೆಗ್ ‘ಸಿಂಡ್ರೆಲಾ’ ಊಹೆಯನ್ನು ಮಂಡಿಸಿದನು. ಸ್ನಾಯುವಿನ ಚಿಕ್ಕ ತಂತುಗಳು ಎಲ್ಲಕ್ಕಿಂತ ಮೊದಲು ಕೆಲಸಕ್ಕೆ ಎದ್ದು ಎಲ್ಲಕ್ಕಿಂತ ಕೊನೆಗೆ ವಿರಮಿಸುತ್ತವೆ. ಮನೆಮಂದಿಗಿಂತ ಮೊದಲು ಎದ್ದು ಎಲ್ಲರಿಗಿಂತ ಕೊನೆಗೆ ಮಲಗುವ ಸೊಸೆಯಂತೆ ಇವು. ಕೆಲಸ ಹಗುರವಾದರೂ ಇವುಗಳಿಗೆ ಬಿಡುವಿಲ್ಲ.

ಬಿಡುವಿನ ಮಹತ್ವವನ್ನು ನಾರ್ವೆಯ ಸಂಶೋಧಕರು ಪರೀಕ್ಷಿಸಿದರು. ಯಂತ್ರದ ವೇಗಕ್ಕೆ ಹೊಂದಿಕೊಂಡು ಪ್ಯಾಕಿಂಗ್ ಮಾಡುವ ಮಹಿಳೆಯರಲ್ಲಿ, ಸ್ನಾಯು ಕ್ಷಣಮಾತ್ರ ಸಡಿಲಾಗುವ ಎಡೆಗಳನ್ನು ಎಣಿಸಿದರು. ಒಂದು ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಸಣ್ಣ ಬಿಡುವೂ ಲೆಕ್ಕಕ್ಕೆ ಬಂತು. ಇಂಥ ಬಿಡುವುಗಳು ಕಡಿಮೆಯಿದ್ದವರಲ್ಲಿ ನೋವು ಹೆಚ್ಚಾಗಿ ಕಂಡಿತು. ದಣಿವು ಭಾರದ ಪ್ರಮಾಣವನ್ನಷ್ಟೇ ಅಲ್ಲ, ವಿರಾಮದ ಅಭಾವವನ್ನೂ ಅವಲಂಬಿಸಿದೆ ಎಂಬುದು ಇದರಿಂದ ತಿಳಿಯುವ ಅಂಶ.

4. ನೋವಿನ ಮಾತು

ನೋವಿನ ಸಮೀಕ್ಷೆಗೆ ಹೆಚ್ಚಾಗಿ ಬಳಸುವುದು 1987ರಲ್ಲಿ ಪ್ರಕಟವಾದ ನಾರ್ಡಿಕ್ ಪ್ರಶ್ನಾವಳಿ. ಹಿಂದಿನಿಂದ ಕಾಣುವ ಮಾನವಾಕೃತಿಯಲ್ಲಿ ಒಂಬತ್ತು ಭಾಗಗಳನ್ನು ಗುರುತಿಸಿ, ಕಳೆದ 12 ತಿಂಗಳಲ್ಲಿ ಮತ್ತು ಕಳೆದ 7 ದಿನಗಳಲ್ಲಿ ತೊಂದರೆಯಿತ್ತೆ, ಕೆಲಸ ನಿಂತಿತೆ ಎಂದು ಅದು ಕೇಳುತ್ತದೆ. ಕನ್ನಡದ ವಿದ್ಯಾರ್ಥಿಯ ಹೊಣೆ ಆರಂಭವಾಗುವುದು ಇಲ್ಲಿಂದ.

ಇಂಗ್ಲಿಷಿನ ‘ಶೋಲ್ಡರ್’ ಎಂಬುದಕ್ಕೆ ಅನುವಾದಕರು ‘ಭುಜ’ ಎಂದು ಬರೆದುಬಿಡುತ್ತಾರೆ. ಸಂಸ್ಕೃತದಲ್ಲಿ ಭುಜವೆಂದರೆ ತೋಳು. ಕನ್ನಡದ ಬಳಕೆಯಲ್ಲಿಯೂ ಅದು ತೋಳು ಸೇರುವ ಕೀಲಿನತ್ತ ವಾಲುತ್ತದೆ. ‘ಹೆಗಲು’ ನೊಗ ಹೊರುವ, ಮಗುವನ್ನು ಕೂರಿಸುವ ಜಾಗ. ಟ್ರಪೀಜಿಯಸ್ಸಿನ ಮೇಲ್ಭಾಗ ಇರುವುದು ಅಲ್ಲಿಯೇ. ‘ಭುಜ ನೋಯುತ್ತದೆಯೆ?’ ಎಂದು ಕೇಳಿದರೆ ಹೆಗಲು ನೋಯುವವಳು ‘ಇಲ್ಲ’ ಎನ್ನಬಹುದು. ‘ಕುತ್ತಿಗೆ’ ಮುಂದಿನ ಗಂಟಲ ಭಾಗವನ್ನೂ ಒಳಗೊಳ್ಳುತ್ತದೆ. ಇಲ್ಲಿ ಬೇಕಾದುದು ‘ಹೆಡಕು’.

ಗಡಿನಾಡಿನಲ್ಲಿ ತೊಡಕು ಇನ್ನೂ ಒಂದು ಪಟ್ಟು. ಮರಾಠಿಯಲ್ಲಿ ‘ಮಾನ’ ಎಂದರೆ ಕುತ್ತಿಗೆ, ‘ಪಾಠ’ ಎಂದರೆ ಬೆನ್ನು. ಸೊಲ್ಲಾಪುರದಲ್ಲಿ ಬೀಡಿ ಕಟ್ಟುವ, ಟವೆಲು-ಚಾದರ ನೇಯುವ, ಹೊಲಿಗೆಯಂತ್ರದ ಮುಂದೆ ಕೂರುವ ಕನ್ನಡಿತಿಗೆ ಪ್ರಶ್ನೆ ಮರಾಠಿಯಲ್ಲಿ ಬಂದರೆ ಅರ್ಥವಾದೀತು. ಆದರೆ ಆಕೆಯ ನೋವು ‘ಹೆಗಲ ಜಗ್ಗತೈತಿ’, ‘ಹೆಡಕ ಹಿಡದೈತಿ’, ‘ಕೈ ಜೋಮ ಹಿಡದೈತಿ’ ಎಂಬ ಮಾತುಗಳಲ್ಲಿದೆ. ಜಗ್ಗುವುದು, ಹಿಡಿಯುವುದು, ಜೋಮು ಮೂರೂ ಬೇರೆಬೇರೆ ಅನುಭವಗಳು. ಜೋಮು ನರದ ತೊಂದರೆಯ ಸೂಚನೆಯೂ ಆಗಿರಬಹುದು. ಎಲ್ಲವನ್ನೂ ‘ನೋವು’ ಎಂಬ ಒಂದೇ ಪದಕ್ಕೆ ಇಳಿಸಿದರೆ ಈ ಭೇದ ಅಳಿಯುತ್ತದೆ. 1975ರಲ್ಲಿ ರೊನಾಲ್ಡ್ ಮೆಲ್ಜಾಕ್ ಇಂಗ್ಲಿಷಿನ 78 ನೋವಿನ ಪದಗಳನ್ನು 20 ಗುಂಪುಗಳಾಗಿ ಜೋಡಿಸಿ ಪ್ರಶ್ನಾವಳಿ ಮಾಡಿದ್ದು ಇಂಥ ಭೇದಗಳನ್ನು ಉಳಿಸಿಕೊಳ್ಳಲೆಂದೇ.

5. ಉಪಸಂಹಾರ

ದಾಖಲೆಗೆ ಬಾರದ ನೋವಿಗೆ ಔಷಧವೂ ಇಲ್ಲ, ವಿರಾಮವೂ ಇಲ್ಲ. ಯಂತ್ರ ದಣಿವಿನ ಗೆರೆಯನ್ನು ಬರೆಯುತ್ತದೆ. ಆ ಗೆರೆ ಯಾರಿಗೆ, ಎಲ್ಲಿ, ಹೇಗೆ ನೋಯುತ್ತದೆಂಬುದನ್ನು ಹೇಳುವುದಿಲ್ಲ. ಅದನ್ನು ಹೇಳಬಲ್ಲ ಪದಗಳು ನಿಘಂಟಿಗಿಂತ ಹೆಚ್ಚಾಗಿ ಮನೆಮಾತಿನಲ್ಲಿವೆ. ಅವನ್ನು ಸಂಗ್ರಹಿಸಿ, ಅರ್ಥ ನಿಶ್ಚಯಿಸಿ, ವೈದ್ಯರ ಕೈಗೆ ಕೊಡುವುದು ಭಾಷಾಧ್ಯಯನದ ಕೆಲಸವೇ ಆಗಿದೆ.

ಅಭ್ಯಾಸ

1. ಹೆಗಲು, ಭುಜ, ತೋಳು, ರಟ್ಟೆ: ಈ ಪದಗಳ ಅರ್ಥವ್ಯಾಪ್ತಿಯನ್ನು ನಿಮ್ಮ ಊರಿನ ಬಳಕೆಯಿಂದ ನಿರ್ಣಯಿಸಿರಿ.
2. ದಣಿವು, ಆಯಾಸ, ಬಳಲಿಕೆ, ಸುಸ್ತು: ಸ್ನಾಯುವಿನ ಸ್ಥಿತಿಗೆ ಯಾವುದು ಹೊಂದುತ್ತದೆ? ಕಾರಣ ಕೊಡಿರಿ.
3. ಮನೆಯಲ್ಲಿ ದುಡಿಯುವ ಹಿರಿಯರಿಂದ ನೋವನ್ನು ಹೇಳುವ ಹತ್ತು ಮಾತುಗಳನ್ನು ಕೇಳಿ, ಅವರು ಆಡಿದಂತೆಯೇ ಬರೆದುಕೊಳ್ಳಿರಿ.